ಆಯಮ್ಮನಿಂದ ಮರಳಿ ಹೇಳಿಸಿಕೊಂಡದ್ದು: ನನ್ನ ಅನುಭವ

ನಮ್ಮ ಸರ್ಜಿಕಲ್ ವಾರ್ಡಿನಲ್ಲಿ ಮೂವತ್ತರ ಆಸುಪಾಸು ಬೆಡ್‌ಗಳಿವೆ. ರಾತ್ರಿ ಪಾಳಿಗೆ ಇರುವವರು ಇಬ್ಬರು ಸಿಸ್ಟರ್‌ಗಳು, ಒಬ್ಬ ಆಯಮ್ಮ ಮತ್ತು ಒಬ್ಬ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ. ಕೆಲಸ ಹಂಚದೆ ವಿಧಿಯಿಲ್ಲ.

ಆರೇಳು ವರ್ಷಗಳ ಹಿಂದೆ, ಕರುಳಿನ ಶಸ್ತ್ರಚಿಕಿತ್ಸೆಯಾಗಿದ್ದ ಒಬ್ಬರ ಯೂರೋಬ್ಯಾಗನ್ನು (ಕೊಳವೆಯಿಂದ ಮೂತ್ರ ಇಳಿದು ತುಂಬುವ ಚೀಲ) "ಖಾಲಿ ಮಾಡಿಬಿಡಿ ಆಯಮ್ಮ" ಎಂದು ಹೇಳಿ ನಾನು ಬೇರೆ ಬೆಡ್ಡಿಗೆ ಓಡಿದೆ. ಅವರು ಹೇಳಿದಷ್ಟನ್ನು ಮಾಡಿದರು. ಅಳೆಯಬೇಕೆಂದು ನಾನು ಹೇಳಿರಲೇ ಇಲ್ಲ. ವಿದ್ಯಾರ್ಥಿನಿ ಚಾರ್ಟಿನಲ್ಲಿ ಕಣ್ಣಂದಾಜಿನ ಮೇಲೆ 600 ಎಂಎಲ್ ಎಂದು ಬರೆದಳು. ಬೆಳಿಗ್ಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಕುಂದಿದರೆ ರಕ್ತದಲ್ಲಿ ಹೆಚ್ಚುವ ಅಂಶ) ಏರಿದ ಮೇಲೆ ವಿಚಾರಿಸಿದರೆ, "ಬ್ಯಾಗಿನ ತಳದಲ್ಲಿ ಒಂದಿಷ್ಟೇ ಇತ್ತಲ್ಲ ಸಿಸ್ಟರ್" ಎಂದರು ಆಯಮ್ಮ. ರೋಗಿ ನಾಲ್ಕೈದು ದಿನ ಐಸಿಯುವಿನಲ್ಲಿದ್ದು ಉಳಿದುಕೊಂಡರು. ಮೆಮೊ ನನಗೆ ಬಂತು, ಬರಬೇಕಾದದ್ದೂ ನನಗೇ.

ಇದು ಮರುಕಳಿಸಬಾರದೆಂದು ಮೊದಲು ವೈಟ್‌ಬೋರ್ಡ್ ಹಾಕಿಸಿದೆ. ಬಂದವರ ಭುಜ ತಾಗಿ ಅಕ್ಷರಗಳು ಅಳಿಸಿಹೋಗುತ್ತಿದ್ದವು. ವಾಟ್ಸ್‌ಆ್ಯಪ್ ಗುಂಪನ್ನು ರೋಗಿಯ ವಿವರ ಹೊರಗೆ ಹೋದೀತೆಂಬ ಭಯದಿಂದ ವಾರದಲ್ಲೇ ಮುಚ್ಚಿದೆ. ಸುಮಾರು 1,400 ರೂಪಾಯಿ ಕೈಯಿಂದ ಹಾಕಿ ಇಂಗ್ಲಿಷ್ ಎಸ್‌ಬಿಎಆರ್ (ಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ಕ್ರಮದಲ್ಲಿ ರೋಗಿಯ ವಿಷಯ ತಿಳಿಸುವ ರೀತಿ) ಫಾರಂಗಳನ್ನು ಮುದ್ರಿಸಿದೆ. ಅವು ಚಹಾ ಲೋಟದ ಕೆಳಗಿನ ಕಾಗದವಾದವು.

ಕೊನೆಗೆ ಫಲ ಕೊಟ್ಟದ್ದು ಐದುನೂರು ರೂಪಾಯಿಯೂ ಆಗದ ಆರು ಅಳತೆ ಜಗ್ಗುಗಳು ಮತ್ತು ಒಂದು ಕೆಂಪು ಟೇಪು. ಕ್ಯಾತಿಟರ್ (ಮೂತ್ರದ ಕೊಳವೆ) ಇರುವ ಒಬ್ಬೊಬ್ಬರಿಗೂ ಬೇರೆಯೇ ಜಗ್ಗು. ತೂಕ 60 ಕೆಜಿಯಾದರೆ ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬರಬೇಕು ಎಂಬ ನಮಗೆಲ್ಲ ಗೊತ್ತಿರುವ ಲೆಕ್ಕದಂತೆ, ನಾಲ್ಕು ಗಂಟೆಗೆ 120ರಲ್ಲಿ ಟೇಪು ಅಂಟಿಸಿದೆ. ತೂಕ ಹೆಚ್ಚಿದ್ದವರಿಗೆ ಇನ್ನೂ ಮೇಲೆ. ಕೆಲಸ ಒಪ್ಪಿಸುವಾಗ ಏನು, ಎಷ್ಟು ಹೊತ್ತಿಗೆ, ಯಾವಾಗ ನನ್ನನ್ನು ಕರೆಯಬೇಕು ಎಂಬುದನ್ನು ಹೇಳಿ, ಅವರ ಮಾತಿನಲ್ಲೇ ಮರಳಿ ಹೇಳಿಸುತ್ತೇನೆ: "ಪಟ್ಟಿ ಮುಟ್ಟದಿದ್ದರೆ ಚೆಲ್ಲಬಾರದು, ಕರೀಬೇಕು." ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಮಾತ್ರ ವಿದ್ಯಾರ್ಥಿನಿಯ ಕೈಗೆ ಒಂಟಿಯಾಗಿ ಎಂದೂ ಹೋಗುವುದಿಲ್ಲ.

"ಆಯಮ್ಮಂದಿರಿಗೆ ಮಗ್ಗಿ ಒಪ್ಪಿಸುವ ಶಾಲೆಯೇ ಇದು?" ಎಂದು ಹಿರಿಯ ಸಿಸ್ಟರ್ ಒಬ್ಬರು ಆಡಿಕೊಂಡರು, ಆಯಮ್ಮನಿಗೂ ಮೊದಲು ಮುನಿಸೇ. ಮೂರನೆಯದೋ ನಾಲ್ಕನೆಯದೋ ತಿಂಗಳಲ್ಲಿ, ನಸುಕಿನ ನಾಲ್ಕಕ್ಕೆ ಅದೇ ಆಯಮ್ಮ ಜಗ್ಗು ಹಿಡಿದುಕೊಂಡೇ ನನ್ನ ಬಳಿ ಬಂದರು. ರೋಗಿಯ ತೊಡೆಯ ಕೆಳಗೆ ಕೊಳವೆ ಮಡಚಿಕೊಂಡು ಹೊಟ್ಟೆಯ ಕೆಳಭಾಗ ಬಿಗಿದಿತ್ತು. ಬಿಡಿಸಿದೊಡನೆ ಮುಕ್ಕಾಲು ಲೀಟರ್ ಇಳಿಯಿತು. ಮರುವಾರ ಆ ಹಿರಿಯ ಸಿಸ್ಟರ್ ತಮ್ಮ ವಾರ್ಡಿಗೂ ಟೇಪು ತರಿಸಿಕೊಂಡರು.

ವೈದ್ಯರಿಗೆ ಫೋನು ಮಾಡುವಾಗಲೂ ಒಂದು ಪ್ರಯೋಗ ಮಾಡಿದೆ. ಎಸ್‌ಬಿಎಆರ್‌ನಲ್ಲಿ ಕೊನೆಗೆ ಬರುವ ಕೋರಿಕೆಯನ್ನು ಮೊದಲಿಗೆ ತಂದು, "ಸರ್, ನೀವು ಈಗಲೇ ಬರಬೇಕು" ಎಂದು ಹೇಳಿ ಬಿಪಿ, ನಾಡಿ ಹೇಳತೊಡಗಿದೆ. ಹಿಂದೆ ಹತ್ತು ಕರೆಗೆ ನಾಲ್ಕೈದು ಬಾರಿ ಬರುತ್ತಿದ್ದವರು ಈಗ ಏಳೆಂಟು ಬಾರಿ ಮೊದಲ ಕರೆಗೇ ಬರುತ್ತಾರೆ.

ಚಾರ್ಟಿನ ಅಂಕಿ ಅಳೆದದ್ದೋ ಅಂದಾಜಿನದೋ ಎಂದು ಪತ್ತೆಹಚ್ಚುವ ನನ್ನ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಮ್ಮ ವಿದ್ಯಾರ್ಥಿನಿಯರೂ ಇದನ್ನು ಓದುತ್ತಾರೆ.