ಲಕ್ಷ ಟನ್ ಅದಿರಿನಿಂದ ಅಸ್ಸೇ ಟನ್‌ಗೆ: ಲೆಕ್ಕ ಹಾಕುವ ಬಗೆ

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರನ್ನು ಟನ್ ಲೆಕ್ಕದಲ್ಲಿ ಮೇಲೆತ್ತುತ್ತಾರೆ. ಅದರಲ್ಲಿರುವ ಚಿನ್ನದ ಲೆಕ್ಕ ಮಾತ್ರ ಗ್ರಾಂಗಳಲ್ಲಿ. ಈ ಎರಡನ್ನೂ ಜೋಡಿಸುವುದು ಲ್ಯಾಬಿನ ತಕ್ಕಡಿಗೆ ಬರುವ ಸುಮಾರು ಮೂವತ್ತು ಗ್ರಾಂ ಪುಡಿ. ಅಸ್ಸೇ, ಅಂದರೆ ಅದಿರಿನಲ್ಲಿ ಲೋಹ ಎಷ್ಟಿದೆ ಎಂಬ ಪರೀಕ್ಷೆಗೆ ತೂಗುವ ಆ ಪುಡಿಯ ಅಳತೆಯೇ ಅಸ್ಸೇ ಟನ್. ಗಣಿ ಡಿಪ್ಲೊಮಾ ಓದುವವರಿಗೂ ಹಳೆಯ ಗಣಿ ವರದಿ ತಿರುವಿಹಾಕುವವರಿಗೂ ಈ ಲೆಕ್ಕ ಬರಲೇಬೇಕು. ಗುಣಾಕಾರ ಸುಲಭ, ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಬಿಟ್ಟರೆ ಉತ್ತರವೆಲ್ಲ ಕೆಡುತ್ತದೆ.

1. ಯಾವ ಟನ್?

ಮೆಟ್ರಿಕ್ ಟನ್ ಎಂದರೆ 1,000 ಕಿಲೋ. ಅಮೆರಿಕದ ಶಾರ್ಟ್ ಟನ್ 2,000 ಪೌಂಡ್, ಅಂದರೆ 907.185 ಕಿಲೋ. ಬ್ರಿಟಿಷರ ಲಾಂಗ್ ಟನ್ 2,240 ಪೌಂಡ್, 1,016.047 ಕಿಲೋ. ಶಾರ್ಟ್‌ಗಿಂತ ಲಾಂಗ್ ಶೇ 12ರಷ್ಟು ದೊಡ್ಡದು. ವರದಿಯಲ್ಲಿ ಬರೀ ‘ಟನ್’ ಎಂದಿದ್ದರೆ ಪರೀಕ್ಷೆಗೆ ತೆಗೆದುಕೊಂಡ ಪುಡಿಯ ತೂಕ ಹುಡುಕಿ. 29.167 ಗ್ರಾಂ ಇದ್ದರೆ ಶಾರ್ಟ್, 32.667 ಗ್ರಾಂ ಇದ್ದರೆ ಲಾಂಗ್.

2. ಅಸ್ಸೇ ಟನ್ ಎಂದರೇನು?

ಒಂದು ಶಾರ್ಟ್ ಟನ್ನಿನಲ್ಲಿ 29,166.67 ಟ್ರಾಯ್ ಔನ್ಸ್ (ಚಿನ್ನ, ಬೆಳ್ಳಿ ತೂಗುವ ಔನ್ಸ್) ಇವೆ. ಅಷ್ಟೇ ಸಂಖ್ಯೆಯ ಮಿಲಿಗ್ರಾಂ, ಅಂದರೆ 29.1667 ಗ್ರಾಂ ಪುಡಿ ತೂಗಿದರೆ ಅದೇ ಒಂದು ಅಸ್ಸೇ ಟನ್. ಇಲ್ಲಿ ಪ್ರತಿ ಮಿಲಿಗ್ರಾಂ ಒಂದು ಔನ್ಸಿನ ಜಾಗದಲ್ಲಿ ನಿಲ್ಲುತ್ತದೆ. ಈ ಪುಡಿಯಲ್ಲಿ 0.2 ಮಿಲಿಗ್ರಾಂ ಚಿನ್ನ ಸಿಕ್ಕರೆ ಟನ್ನಿಗೆ 0.2 ಔನ್ಸ್, ಬೇರೆ ಲೆಕ್ಕವೇ ಬೇಡ. ಕ್ಯಾಲ್ಕುಲೇಟರ್ ಇಲ್ಲದ ಕಾಲದವರು ಮಾಡಿಕೊಂಡ ಬಹಳ ಅಚ್ಚುಕಟ್ಟಾದ ಏರ್ಪಾಡು ಇದು.

3. ದೊಡ್ಡ ತೂಕವನ್ನು ಬದಲಿಸುವುದು

ಮೊದಲು ಎಲ್ಲವನ್ನೂ ಗ್ರಾಂಗೆ ತನ್ನಿ. ಒಂದು ಮೆಟ್ರಿಕ್ ಟನ್ ಎಂದರೆ 10 ಲಕ್ಷ ಗ್ರಾಂ. ಅದನ್ನು 29.1667ರಿಂದ ಭಾಗಿಸಿದರೆ 34,285.7 ಅಸ್ಸೇ ಟನ್. ಲಕ್ಷ ಟನ್ ಅದಿರಿಗೆ 342.857 ಕೋಟಿ, ಒಂದು ಮಿಲಿಯನ್ ಟನ್ನಿಗೆ 3,428.57 ಕೋಟಿ. ಮಿಲಿಯನ್ ಎಂದರೆ ಹತ್ತು ಲಕ್ಷ. ಕೋಟಿಗೂ ಮಿಲಿಯನ್ನಿಗೂ ಹೊರಳುವಾಗ ಒಂದು ಸೊನ್ನೆ ಜಾರಿದರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ.

ನಿಮ್ಮ ಲೆಕ್ಕ ಸರಿಯೇ ಎಂದು ನೋಡಲು ಒಂದು ದಾರಿಯಿದೆ. ಒಂದು ಶಾರ್ಟ್ ಟನ್ನಿನಲ್ಲಿ 31,103.5 ಅಸ್ಸೇ ಟನ್ ಬರಬೇಕು. ಲಾಂಗ್ ಟನ್ನಿನಲ್ಲಿ ಅದರದೇ ಅಸ್ಸೇ ಟನ್ (32.667 ಗ್ರಾಂ) ಲೆಕ್ಕ ಹಾಕಿದರೂ ಇದೇ ಸಂಖ್ಯೆ. ಒಂದು ಟ್ರಾಯ್ ಔನ್ಸಿನಲ್ಲಿರುವ ಮಿಲಿಗ್ರಾಂಗಳೂ ಇಷ್ಟೇ.

ಈಗ ಗ್ರೇಡ್, ಅಂದರೆ ಅದಿರಿನಲ್ಲಿ ಚಿನ್ನ ಎಷ್ಟರ ಪ್ರಮಾಣದಲ್ಲಿದೆ ಎಂಬುದನ್ನು ಸೇರಿಸಿ. ಲಕ್ಷ ಮೆಟ್ರಿಕ್ ಟನ್ ಅದಿರು, ಒಂದು ಅಸ್ಸೇ ಟನ್ನಿಗೆ 0.1 ಮಿಲಿಗ್ರಾಂ ಚಿನ್ನ ಎಂದುಕೊಳ್ಳಿ. 342.857 ಕೋಟಿಯನ್ನು 0.1ರಿಂದ ಗುಣಿಸಿದರೆ 34.2857 ಕೋಟಿ ಮಿಲಿಗ್ರಾಂ, ಅಂದರೆ ಸುಮಾರು 343 ಕಿಲೋ. ಇದು ಅದಿರಿನಲ್ಲಿರುವ ಚಿನ್ನ. ಕಾರ್ಖಾನೆಯಿಂದ ಹೊರಬರುವುದು ಇದಕ್ಕಿಂತ ಕಡಿಮೆ.

4. ಇಂದಿನ ಗ್ರಾಂ/ಟನ್‌ಗೆ ತರುವುದು

ಶಾರ್ಟ್ ಟನ್ನಿಗೆ 1 ಔನ್ಸ್ ಎಂದರೆ ಮೆಟ್ರಿಕ್ ಟನ್ನಿಗೆ 34.286 ಗ್ರಾಂ. ಲಾಂಗ್ ಟನ್ ಆದರೆ 30.612 ಗ್ರಾಂ. ಹಳೆಯ ಕಾಗದಗಳಲ್ಲಿ ಬರುವ ಪೆನ್ನಿವೇಟ್ ಔನ್ಸಿನ ಇಪ್ಪತ್ತನೇ ಒಂದು ಪಾಲು. ‘ಟನ್ನಿಗೆ 4 ಪೆನ್ನಿವೇಟ್’ ಎಂದು ಬರೆದಿದ್ದರೆ ಲಾಂಗ್ ಲೆಕ್ಕದಲ್ಲಿ 6.12 ಗ್ರಾಂ, ಶಾರ್ಟ್ ಲೆಕ್ಕದಲ್ಲಿ 6.86 ಗ್ರಾಂ. ಲಕ್ಷ ಮೆಟ್ರಿಕ್ ಟನ್ ಅದಿರಿನ ಮೇಲೆ ಈ ವ್ಯತ್ಯಾಸ 73 ಕಿಲೋ ಚಿನ್ನವಾಗುತ್ತದೆ. ಮೊದಲ ಹೆಜ್ಜೆಯನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಈಗ ಅನೇಕ ಲ್ಯಾಬ್‌ಗಳು ನೇರವಾಗಿ 30 ಗ್ರಾಂ ತೂಗುತ್ತವೆ. ಆಗ ಸಿಕ್ಕ ಮಿಲಿಗ್ರಾಂ ಅನ್ನು 1,000ದಿಂದ ಗುಣಿಸಿ 30ರಿಂದ ಭಾಗಿಸಿ. 0.096 ಮಿಲಿಗ್ರಾಂ ಸಿಕ್ಕರೆ ಟನ್ನಿಗೆ 3.2 ಗ್ರಾಂ. 30 ಗ್ರಾಂ ಅನ್ನೇ ಅಸ್ಸೇ ಟನ್ ಎಂದುಕೊಂಡರೆ ಗ್ರೇಡ್ ಸುಮಾರು ಶೇ 3ರಷ್ಟು ಹೆಚ್ಚಾಗಿ ಕಾಣುತ್ತದೆ.

5. ತಕ್ಕಡಿಗೆ ಬಂದದ್ದು ನಿಜವಾಗಿ ಚಿನ್ನವೇ?

ಪುಡಿಯನ್ನು ಲಿಥಾರ್ಜ್ (ಸೀಸದ ಆಕ್ಸೈಡ್), ಸೋಡಾ, ಬೊರಾಕ್ಸ್, ಸಿಲಿಕಾ ಜೊತೆ ಕರಗಿಸಿದರೆ ಚಿನ್ನ, ಬೆಳ್ಳಿ ಎರಡೂ ಸೀಸದೊಳಗೆ ಇಳಿಯುತ್ತವೆ. ಕ್ಯುಪೆಲ್ ಎಂಬ, ಸೀಸ ಹೀರುವ ಪುಟ್ಟ ಬಟ್ಟಲಿನಲ್ಲಿ ಕಾಯಿಸಿದಾಗ ಸೀಸ ಹೋಗಿ ಉಳಿಯುವ ಪುಟ್ಟ ಮಣಿಯಲ್ಲಿ ಬೆಳ್ಳಿಯೂ ಇರುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿಸಿದ ಮೇಲೆಯೇ ಚಿನ್ನ ತೂಗಬೇಕು. ಬೆಳ್ಳಿ ಚಿನ್ನದ ಮೂರು ಪಟ್ಟಾದರೂ ಇರದಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ. ಮೊದಲೇ ಬೆಳ್ಳಿ ಸೇರಿಸಿರಬೇಕು. ಹಟ್ಟಿಯ ಅದಿರಿನಲ್ಲಿ ಆರ್ಸೆನೋಪೈರೈಟ್‌ನಂಥ ಸಲ್ಫೈಡ್‌ಗಳಿವೆ, ಅಂದರೆ ಗಂಧಕ ಸೇರಿದ ಖನಿಜಗಳು. ಸಲ್ಫೈಡ್ ಹೆಚ್ಚಾದರೆ ಕರಗುವಾಗ ಮ್ಯಾಟ್ ಎಂಬ ಬೇರೆ ಪದರ ಕಟ್ಟಿ ಚಿನ್ನವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಪೆಟ್ಲುಪ್ಪನ್ನು ಅಳತೆಯಾಗಿ ಹಾಕಬೇಕು, ಇಲ್ಲವೇ ಪುಡಿಯನ್ನು ಮೊದಲೇ ಹುರಿಯಬೇಕು.

6. ತೇವ ಕಳೆಯಿರಿ

ವೇಬ್ರಿಡ್ಜ್ ತೂಗುವುದು ಹಸಿ ಅದಿರನ್ನು. ಲ್ಯಾಬ್ ಗ್ರೇಡ್ ಕೊಡುವುದು ಒಣ ಪುಡಿಗೆ. ಇದು ಸಂಡೂರು, ದೋಣಿಮಲೈ ಕಡೆಯ ಕಬ್ಬಿಣದ ಅದಿರಿನಲ್ಲಿ ಇನ್ನೂ ಮುಖ್ಯ. ಅಲ್ಲಿನ ಅಳತೆ ಡ್ರೈ ಮೆಟ್ರಿಕ್ ಟನ್ ಯೂನಿಟ್: ಒಣ ಟನ್ನಿನ ಶೇ 1, ಅಂದರೆ 10 ಕಿಲೋ ಕಬ್ಬಿಣ. ಲಕ್ಷ ಟನ್ ಹಸಿ ಅದಿರು, ಶೇ 8 ತೇವ ಇದ್ದರೆ ಒಣ ತೂಕ 92,000 ಟನ್. ಕಬ್ಬಿಣ ಶೇ 62 ಇದ್ದರೆ 92,000 × 62 = 57.04 ಲಕ್ಷ ಯೂನಿಟ್. ತೇವ ಕಳೆಯದಿದ್ದರೆ 62 ಲಕ್ಷ ಎಂದು ಬರುತ್ತದೆ. ಹೆಚ್ಚಾಗಿ ಬಂದ ಸುಮಾರು 5 ಲಕ್ಷ ಯೂನಿಟ್ ಬರೀ ನೀರು.

ತೇವ ಅಳೆಯಲು ಸ್ಯಾಂಪಲ್ ಅನ್ನು 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ಹೋದ ತೂಕವನ್ನು ಹಸಿ ತೂಕದಿಂದ ಭಾಗಿಸಿ. ಗೋಥೈಟ್ ಎಂಬ ಕಬ್ಬಿಣದ ಖನಿಜ ಇರುವ ಅದಿರನ್ನು ಇನ್ನೂ ಹೆಚ್ಚು ಕಾಯಿಸಿದರೆ ಖನಿಜದೊಳಗೇ ಕಟ್ಟಿಕೊಂಡಿರುವ ನೀರೂ ಹೋಗುತ್ತದೆ. ಅದನ್ನು ತೇವದ ಜೊತೆ ಸೇರಿಸಬೇಡಿ. ಲ್ಯಾಬ್ ವರದಿಯಲ್ಲಿ ಎಲ್‌ಒಐ (ಹೆಚ್ಚು ಕಾಯಿಸಿದಾಗ ಹೋಗುವ ತೂಕ) ಎಂಬ ಬೇರೆ ಸಾಲು ಇರುವುದು ಅದಕ್ಕಾಗಿಯೇ.