ಹಸಿ ಮೊಟ್ಟೆ ಇಲ್ಲದ ಲೋಟದ ತಿರಾಮಿಸು: ಅರ್ಧ ಗಂಟೆ ಕೆಲಸ, ಆರು ಗಂಟೆ ಫ್ರಿಜ್

ಕಾಫಿಯಲ್ಲಿ ನೆನೆದ ಬಿಸ್ಕತ್ತು ಮತ್ತು ಕ್ರೀಮನ್ನು ಪದರ ಪದರವಾಗಿ ಜೋಡಿಸಿ ತಣ್ಣಗೆ ತಿನ್ನುವ ತಿರಾಮಿಸು ಇಟಲಿಯಲ್ಲೇ ಅಷ್ಟೇನೂ ಹಳೆಯ ಸಿಹಿಯಲ್ಲ. ವೆನೆಟೊ ಪ್ರಾಂತ್ಯದ ತ್ರೆವೀಸೊ ಊರಿನ 'ಲೆ ಬೆಕ್ಕೆರಿಯೆ' ಎಂಬ ಹೋಟೆಲಿನಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿತು ಎನ್ನುತ್ತಾರೆ. ಪಕ್ಕದ ಫ್ರಿಯುಲಿಯವರು ಇದನ್ನು ಒಪ್ಪುವುದಿಲ್ಲ, ತಮ್ಮಲ್ಲಿ ಅದಕ್ಕೂ ಮೊದಲೇ ಇತ್ತು ಎಂಬುದು ಅವರ ವಾದ. ಆ ಜಗಳ ಅವರಿಗಿರಲಿ. ನಮಗೆ ಬೇಕಾದದ್ದು ಇಷ್ಟೇ: ತ್ರೆವೀಸೊದ ಮೂಲ ರೀತಿಯಲ್ಲಿ ಮೊಟ್ಟೆಯ ಹಳದಿ, ಸಕ್ಕರೆ, ಮಸ್ಕರ್ಪೋನೆ (ಇಟಲಿಯ ಮೆತ್ತನೆಯ ಕ್ರೀಮ್ ಚೀಸ್), ಕಾಫಿ, ಸವೊಯಾರ್ದಿ ಬಿಸ್ಕತ್ತು (ಬೆರಳಿನಾಕಾರದ ಹಗುರ, ಒಣ ಸ್ಪಂಜ್ ಬಿಸ್ಕತ್ತು), ಕೊಕೊ, ಇವಿಷ್ಟೇ. ಮದ್ಯ ಇಲ್ಲ. ಹಾಗಾಗಿ ಮದ್ಯ ಬಿಟ್ಟು ಮಾಡಿದರೆ ಅದು ಕಲಬೆರಕೆಯೇನಲ್ಲ. ಸುಲಭದ ದಾರಿಯಲ್ಲಿ ನಾನು ಬಿಡುವುದು ಹಸಿ ಹಳದಿಯನ್ನು. ಅದರ ಜಾಗಕ್ಕೆ ನೊರೆ ಬರಿಸಿದ ಕ್ರೀಮ್ ಬರುತ್ತದೆ.

ಇನ್ನೊಂದು ಬದಲಾವಣೆಯೂ ಇದೆ, ನನ್ನ ಮಟ್ಟಿಗೆ ಮೊಟ್ಟೆ ಬಿಡುವುದಕ್ಕಿಂತ ಹೆಚ್ಚು ಕೆಲಸ ಉಳಿಸುವುದು ಅದೇ. ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುವುದಿಲ್ಲ. ಒಣ ಬಿಸ್ಕತ್ತನ್ನೇ ಲೋಟಕ್ಕೆ ಹಾಕಿ, ಮೇಲೆ ಕಾಫಿಯನ್ನು ಚಮಚದಲ್ಲಿ ಅಳೆದು ಸುರಿಯುತ್ತೇನೆ. ಕೆಡುವ ತಿರಾಮಿಸುಗಳಲ್ಲಿ ಮುಕ್ಕಾಲು ಪಾಲು ಕೆಡುವುದು ಅದ್ದುವಾಗಲೇ. ಸವೊಯಾರ್ದಿ ಸ್ಪಂಜಿನ ಹಾಗೆ ಹೀರುತ್ತದೆ, ಎರಡು ಕ್ಷಣ ಹೆಚ್ಚಾದರೂ ಕೈಯಲ್ಲೇ ಮುರಿಯುತ್ತದೆ, ಮರುದಿನ ತಟ್ಟೆಯ ತಳದಲ್ಲಿ ಕಾಫಿ ನಿಂತಿರುತ್ತದೆ. ಚಮಚದ ಲೆಕ್ಕವಾದರೆ ಪ್ರತಿ ಸಲವೂ ಒಂದೇ ಹದ.

200 ಮಿ.ಲೀ. ಹಿಡಿಯುವ ಆರು ಗಾಜಿನ ಲೋಟಗಳಿಗೆ ನನ್ನ ಅಳತೆ: ಮಸ್ಕರ್ಪೋನೆ 250 ಗ್ರಾಂ, ವಿಪ್ಪಿಂಗ್ ಕ್ರೀಮ್ 200 ಮಿ.ಲೀ., ಪುಡಿ ಸಕ್ಕರೆ 60 ಗ್ರಾಂ, ಚಿಟಿಕೆ ಉಪ್ಪು, ಸವೊಯಾರ್ದಿ 12, ಗಟ್ಟಿ ಕಾಫಿ 150 ಮಿ.ಲೀ. (ಹೀರಿಕೊಳ್ಳುವುದು 120, ಮಿಕ್ಕದ್ದು ಕುಡಿಯುವವರಿಗೆ), ಸಕ್ಕರೆ ಇಲ್ಲದ ಕೊಕೊ ಪುಡಿ ಎರಡು ಟೀ ಚಮಚ. ಉಪ್ಪನ್ನು ಮರೆಯಬೇಡಿ. ಮೊಟ್ಟೆಯ ಹಳದಿ ಇಲ್ಲದಾಗ ಕ್ರೀಮಿನ ರುಚಿ ಸಪ್ಪೆಯಾಗುತ್ತದೆ, ಆ ಚಿಟಿಕೆಯೇ ಅದನ್ನು ಎತ್ತಿ ಹಿಡಿಯುವುದು. ಹಳದಿಯ ದಟ್ಟತನವೂ ಸ್ವಲ್ಪ ಬೇಕೆನಿಸಿದರೆ ಸಕ್ಕರೆಯ ಬದಲು 100 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಹಾಕಬಹುದು, ಕ್ರೀಮ್ ಕೊಂಚ ಸಡಿಲವಾಗುತ್ತದೆ ಅಷ್ಟೆ. ಕಸ್ಟರ್ಡ್ ಪೌಡರ್ ಬೇಡ. ಅದು ಬಂದರೆ ಫ್ರೂಟ್ ಸಲಾಡ್ ನೆನಪಾಗುತ್ತದೆ.

ಕಾಫಿಯನ್ನು ಮೊದಲು ಮಾಡಿಡಿ, ಅದು ಪೂರ್ತಿ ಆರಬೇಕು. ಇಟಲಿಯ ಮನೆಗಳಲ್ಲಿ ಇದಕ್ಕೆ ಮೋಕಾ ಪಾತ್ರೆ, ಅಂದರೆ ಒಲೆಯ ಮೇಲಿಟ್ಟು ಗಟ್ಟಿ ಕಾಫಿ ಇಳಿಸುವ ಪಾತ್ರೆ. ನಮ್ಮ ಫಿಲ್ಟರಿನ ಮೊದಲ ಡಿಕಾಕ್ಷನ್ ಅದಕ್ಕೆ ಸರಿಸಾಟಿ, ನೀರು ಬೆರೆಸದೆ ಹಾಗೇ ಬಳಸುವಷ್ಟು. 25 ಗ್ರಾಂ ಪುಡಿಗೆ 200 ಮಿ.ಲೀ. ಕುದಿಯುವ ನೀರು ಹಾಕಿದರೆ ಗಸಿ ಹಿಡಿದಿಟ್ಟುಕೊಂಡದ್ದು ಕಳೆದು ಹತ್ತಿರಹತ್ತಿರ 150 ಮಿ.ಲೀ. ಇಳಿಯುತ್ತದೆ. ಆದರೆ ಪುಡಿಯಲ್ಲಿ ಚಿಕೋರಿ ಎಷ್ಟಿದೆ ನೋಡಿಕೊಳ್ಳಿ. ಹಾಲು ಬೆರೆಸಿ ಕುಡಿಯುವಾಗ ಹಿತವಾಗುವ 30 ಪರ್ಸೆಂಟ್ ಚಿಕೋರಿ ಇಲ್ಲಿ ಕ್ರೀಮಿನ ಮೇಲೆ ಸವಾರಿ ಮಾಡುತ್ತದೆ, ಸುಟ್ಟ ಬೆಲ್ಲದಂಥ ಕಹಿ ಬಾಯಲ್ಲಿ ಉಳಿಯುತ್ತದೆ. ಚಿಕೋರಿ ಇಲ್ಲದ ಪುಡಿಯೇ ಒಳ್ಳೆಯದು. ಇನ್‌ಸ್ಟಂಟ್ ಆದರೆ 150 ಮಿ.ಲೀ. ಬಿಸಿನೀರಿಗೆ ಮೂರು ಟೀ ಚಮಚ. ಯಾವುದೇ ಆಗಲಿ, ಬಿಸಿ ಇರುವಾಗ ಸುರಿಯಬಾರದು: ಬಿಸ್ಕತ್ತಿನ ಮೇಲಿನ ಸಕ್ಕರೆ ಪದರ ತಕ್ಷಣ ಕರಗಿ ಒಳಗೆಲ್ಲ ಮುದ್ದೆಯಾಗುತ್ತದೆ, ಮೇಲೆ ಹಾಕಿದ ಕ್ರೀಮೂ ಕರಗುತ್ತದೆ.

ಇನ್ನು ಕ್ರೀಮ್. ಅಂಗಡಿಯಲ್ಲಿ 'ಫ್ರೆಶ್ ಕ್ರೀಮ್' ಎಂದು ಸಿಗುವ ಸಣ್ಣ ಡಬ್ಬಿಯಲ್ಲಿ ಕೊಬ್ಬು 25 ಪರ್ಸೆಂಟ್. ಎಷ್ಟು ಹೊತ್ತು ಕಡೆದರೂ ಅದು ನಿಲ್ಲುವುದಿಲ್ಲ. ಕನಿಷ್ಠ 30, ಸಿಕ್ಕರೆ 35 ಪರ್ಸೆಂಟಿನ ವಿಪ್ಪಿಂಗ್ ಕ್ರೀಮ್ ಬೇಕು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಫ್ರೀಜರಿನಿಂದ ತೆಗೆದು ಕೊಡುವುದು ಹೆಚ್ಚಾಗಿ ವನಸ್ಪತಿ ಕೊಬ್ಬಿನದು, ಅದರಲ್ಲಿ ಸಕ್ಕರೆ ಮೊದಲೇ ಇರುತ್ತದೆ. ಬೆಟ್ಟದಂತೆ ನಿಲ್ಲುತ್ತದೆ ನಿಜ, ನಾಲಿಗೆಗೆ ಮೇಣ ಸವರಿದ ಹಾಗಾಗುತ್ತದೆ. ಅದೇ ಗತಿಯಾದರೆ ಪುಡಿ ಸಕ್ಕರೆಯನ್ನು 20 ಗ್ರಾಂಗೆ ಇಳಿಸಿ.

ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಡಿ. ಮಂಗಳೂರಿನ ಸೆಕೆಯಲ್ಲಾಗಲಿ ಕಲಬುರಗಿಯ ಬೇಸಿಗೆಯಲ್ಲಾಗಲಿ ಇದನ್ನು ಬಿಟ್ಟರೆ ಆಗದು. ಮಸ್ಕರ್ಪೋನೆ ಡಬ್ಬಿಯ ಮೇಲೆ ನೀರು ನಿಂತಿದ್ದರೆ ಬಸಿದುಬಿಡಿ. ಅದಕ್ಕೆ ಸಕ್ಕರೆ, ಉಪ್ಪು ಸೇರಿಸಿ ಮೊದಲು ಕೈಯಲ್ಲೇ ಚಮಚದಿಂದ ಮೆತ್ತಗೆ ಮಾಡಿ. ಆಮೇಲೆ ತಣ್ಣನೆಯ ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಬೀಟರನ್ನು ಕಡಿಮೆ ವೇಗದಲ್ಲಿ ಓಡಿಸಿ, ಕೊನೆಗೆ ಮಧ್ಯಮ ವೇಗ. ಎರಡನ್ನೂ ಬೇರೆ ಬೇರೆ ಕಡೆದು ಬೆರೆಸುವ ಪದ್ಧತಿಯೂ ಇದೆ, ಅದರಲ್ಲಿ ತೊಳೆಯುವ ಪಾತ್ರೆ ಒಂದು ಹೆಚ್ಚು, ಲಾಭವೇನೂ ಕಾಣೆ. ಬೀಟರ್ ಓಡಿದ ಗೆರೆಗಳು ಅಳಿಸದೆ ಉಳಿಯುತ್ತಿವೆ, ಕಡ್ಡಿ ಎತ್ತಿದರೆ ತುದಿ ಮೆಲ್ಲಗೆ ಬಾಗುತ್ತಿದೆ ಎನ್ನುವಾಗಲೇ ನಿಲ್ಲಿಸಬೇಕು. 'ಇನ್ನೊಂದು ಸ್ವಲ್ಪ ಗಟ್ಟಿಯಾಗಲಿ' ಎಂದು ಮುಂದುವರಿಸಿದರೆ ಕೆಟ್ಟಿರಿ. ಮಸ್ಕರ್ಪೋನೆಯಲ್ಲಿ ಕೊಬ್ಬು 40 ಪರ್ಸೆಂಟಿನ ಆಸುಪಾಸು, ಬೆಣ್ಣೆಯಾಗಲು ಅದು ಕಾಯುತ್ತಲೇ ಇರುತ್ತದೆ. ಮೊದಲು ರವೆ ರವೆಯಾಗಿ ಕಾಣುತ್ತದೆ. ಆ ಹಂತದಲ್ಲಿ ಎರಡು ಟೇಬಲ್ ಚಮಚ ಕಡೆಯದ ತಣ್ಣನೆಯ ಕ್ರೀಮ್ ಹಾಕಿ ಕೈಯಿಂದ ನಿಧಾನವಾಗಿ ತಿರುವಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೀರು ಬಿಟ್ಟ ಮೇಲೆ ದಾರಿಯಿಲ್ಲ, ಬ್ರೆಡ್ಡಿಗೆ ಹಚ್ಚಿಕೊಳ್ಳಿ.

ಲೋಟಕ್ಕೆ ಎರಡು ಬಿಸ್ಕತ್ತಿನ ಲೆಕ್ಕ. ಒಂದನ್ನು ಮೂರು ತುಂಡು ಮಾಡಿ ತಳದಲ್ಲಿ ಹರಡಿ, ಎರಡು ಟೀ ಚಮಚ, ಅಂದರೆ 10 ಮಿ.ಲೀ., ಕಾಫಿಯನ್ನು ಎಲ್ಲ ತುಂಡುಗಳ ಮೇಲೂ ಬೀಳುವಂತೆ ಹಾಕಿ. ನಡುವೆ ಒಣಗಿದ ಬಿಳಿ ಭಾಗ ಕಂಡರೆ ಗಾಬರಿ ಬೇಡ, ಫ್ರಿಜ್‌ನಲ್ಲಿ ಕ್ರೀಮಿನ ತೇವ ಅಲ್ಲಿಗೂ ಇಳಿಯುತ್ತದೆ. ಮೇಲೆ ಎರಡು ದೊಡ್ಡ ಚಮಚ ಕ್ರೀಮ್. ಮತ್ತೆ ಬಿಸ್ಕತ್ತು, ಕಾಫಿ, ಕ್ರೀಮ್. ಲೋಟವನ್ನು ಮಡಚಿದ ಬಟ್ಟೆಯ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಗಾಳಿಯ ಸಂದು ಮುಚ್ಚುತ್ತದೆ. ಬಾಯಿ ಮುಚ್ಚಿ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಪಕ್ಕದ ಸಾರಿನ ಒಗ್ಗರಣೆ ವಾಸನೆ ಕ್ರೀಮಿಗೆ ಹತ್ತುತ್ತದೆ. ಕನಿಷ್ಠ ಆರು ಗಂಟೆ. ಎರಡು ಗಂಟೆಗೇ ತೆಗೆದರೆ ಬಿಸ್ಕತ್ತು ಬೇರೆ, ಕ್ರೀಮ್ ಬೇರೆ. ಇಲ್ಲಿ ಮಾತ್ರ ಅಡ್ಡದಾರಿ ಇಲ್ಲ.

ಮೊಟ್ಟೆ ತಿನ್ನದವರಿಗೆ ಕೊಡುವುದಾದರೆ ಒಂದು ಎಚ್ಚರಿಕೆ. ಸವೊಯಾರ್ದಿಯಲ್ಲೇ ಮೊಟ್ಟೆ ಇದೆ, ಅದು ಉಬ್ಬುವುದೇ ಮೊಟ್ಟೆಯಿಂದ. ಕ್ರೀಮಿನಲ್ಲಿ ಹಾಕಿಲ್ಲ ಎಂಬ ಧೈರ್ಯದಲ್ಲಿ 'ಎಗ್‌ಲೆಸ್' ಎಂದು ಬಡಿಸಬೇಡಿ. ಮಸ್ಕರ್ಪೋನೆಯ ಚಿಂತೆ ಬೇಡ, ಅದನ್ನು ರೆನ್ನೆಟ್ (ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು) ಇಲ್ಲದೆ ಹುಳಿಯಿಂದಲೇ ಹೆಪ್ಪುಗಟ್ಟಿಸುತ್ತಾರೆ. ಬಿಸ್ಕತ್ತಿನ ಬದಲಿಗೆ ಮೊಟ್ಟೆಯಿಲ್ಲದ ಸ್ಪಂಜ್ ಕೇಕನ್ನು ಬೆರಳಗಲ ಕತ್ತರಿಸಿ 150 ಡಿಗ್ರಿ ಓವನ್ನಿನಲ್ಲಿ ಅಂಚು ಗರಿಯಾಗುವವರೆಗೆ, ಸುಮಾರು 20 ನಿಮಿಷ, ಒಣಗಿಸಿ. ಒಣಗಿಸದೆ ಹಾಕಿದರೆ ಕೆಸರು. ಬೇಕರಿ ರಸ್ಕ್ ಕೂಡ ನಡೆಯುತ್ತದೆ, ಗಟ್ಟಿಯಾದ್ದರಿಂದ ಒಂದಕ್ಕೆ ಮೂರು ಟೀ ಚಮಚ ಕಾಫಿ ಬೇಕು, ಏಲಕ್ಕಿ ಹಾಕಿದ್ದು ಬೇಡ. ಮಾರಿ ಬಿಸ್ಕತ್ತು ಕರಗಿ ಅಂಟಾಗುತ್ತದೆ, ನನಗೆ ಸೇರುವುದಿಲ್ಲ.

ಕೊಕೊ ಪುಡಿಯನ್ನು ಬಡಿಸುವ ಹೊತ್ತಿಗೆ ಚಹಾ ಸೋಸುವ ಜಾಲರಿಯಲ್ಲಿ ಉದುರಿಸಿ. ರಾತ್ರಿಯೇ ಹಾಕಿದರೆ ತೇವ ಹೀರಿ ಕಪ್ಪು ಕಲೆಗಳಾಗುತ್ತವೆ. ಪದರ ತೆಳುವಾಗಿರಲಿ, ದಪ್ಪವಾದರೆ ಮೊದಲ ತುತ್ತಿಗೇ ಕೆಮ್ಮು ಬರುತ್ತದೆ. ಕೊಕೊ ಹಾಕದ ಲೋಟಗಳು ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತವೆ, ಎರಡನೆಯ ದಿನದ್ದೇ ಹೆಚ್ಚು ರುಚಿ. ಮೂರನೆಯ ದಿನಕ್ಕೆ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತದೆ.