ಕೈಕೆಲಸದ ಬುಷ್‌ಕ್ರಾಫ್ಟ್ ಚಾಕುವನ್ನು ಕಾಡಿನಲ್ಲಿ ಪರೀಕ್ಷಿಸುವ ಕ್ರಮ

ಕುಲುಮೆಯಿಂದ ಬಂದ ಹೊಸ ಚಾಕು ಕಾಗದವನ್ನು ಸರಾಗವಾಗಿ ಕತ್ತರಿಸಿದ ಮಾತ್ರಕ್ಕೆ ಬುಷ್‌ಕ್ರಾಫ್ಟ್‌ಗೆ, ಅಂದರೆ ಕಾಡಿನಲ್ಲಿ ಕೆತ್ತುವ, ಸೀಳುವ, ಬೆಂಕಿ ಹೊತ್ತಿಸುವ ಕೆಲಸಕ್ಕೆ, ಒದಗುತ್ತದೆ ಎಂದು ಹೇಳಲಾಗದು. ಕಾಗದದಿಂದ ತಿಳಿಯುವುದು ಹರಿತ ಮಾತ್ರ. ಉಕ್ಕಿನ ಹದ (ಕಾಯಿಸಿ ತಣಿಸಿ ಬರಿಸಿದ ಗಡಸುತನ) ಸರಿಯಿದೆಯೇ, ಅಲಗಿನ ಇಳಿಜಾರು (ಅಂಚಿನ ಕಡೆಗೆ ತೆಳುವಾಗುತ್ತಾ ಹೋಗುವ ಓರೆ ಮೈ) ಮರಕ್ಕೆ ಒಗ್ಗುತ್ತದೆಯೇ, ಹಿಡಿ ಅಂಗೈಗೆ ಹೊಂದುತ್ತದೆಯೇ ಎಂಬುದು ಮರದ ಮೇಲೆಯೇ ಗೊತ್ತಾಗಬೇಕು. ಪರೀಕ್ಷೆ ಹಗುರ ಕೆಲಸದಿಂದ ಒರಟು ಕೆಲಸದ ಕಡೆಗೆ ಸಾಗಬೇಕು. ಮೊದಲೇ ಕೊರಡು ಸೀಳಲು ಹೋಗಿ ಅಲಗು ಮುಕ್ಕಾದರೆ, ದೋಷ ಹದದ್ದೋ, ಸಾಣೆಯದ್ದೋ, ಹೊಡೆತದ್ದೋ ಎಂದು ಬಿಡಿಸಿ ಹೇಳಲು ಸಾಧ್ಯವಾಗುವುದಿಲ್ಲ.

ಹೊರಡುವ ಮುನ್ನ ಅಲಗಿನ ಅಂಚನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಸರಿಯಾಗಿ ಹರಿತವಾದ ಅಂಚು ಬೆಳಕನ್ನು ಪ್ರತಿಫಲಿಸುವುದಿಲ್ಲ. ಹೊಳೆಯುವ ಚುಕ್ಕೆ ಕಂಡಲ್ಲಿ ಅಂಚು ಮೊಂಡಾಗಿದೆ ಅಥವಾ ಮಡಚಿದೆ ಎಂದರ್ಥ. ಅಂಚಿನ ಬಳಿ ನೀಲಿ ಛಾಯೆ ಕಂಡರೆ, ಉಜ್ಜುವಾಗ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯ್ದು ಗಡಸುತನ ಕಳೆದುಕೊಂಡಿರುವ ಸಂಭವವಿದೆ. ಬೆನ್ನಿನ ಕಡೆ, ಅಂದರೆ ಅಂಚಿಗೆ ಎದುರಿನ ದಪ್ಪ ಬದಿಯಲ್ಲಿ, ನೀಲಿ ಇದ್ದರೆ ಚಿಂತಿಸಬೇಕಾಗಿಲ್ಲ, ಏಕೆಂದರೆ ಕೆಲವು ಕುಶಲಕರ್ಮಿಗಳು ಬೆನ್ನನ್ನು ಬೇಕೆಂದೇ ಮೆದುಗೊಳಿಸುತ್ತಾರೆ. ಚಾಕುವನ್ನು ಒರೆಗೆ ಹಾಕಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ತಲೆಕೆಳಗು ಮಾಡಿ ಅಲ್ಲಾಡಿಸಿ. ಜಾರಿ ಬೀಳುವಂತಿದ್ದರೆ ಒರೆ ಸರಿಪಡಿಸುವವರೆಗೂ ಕಾಡಿಗೆ ಒಯ್ಯಬೇಡಿ.

ಕಾಡಿನಲ್ಲಿ ಮರ ಬಳಸಲು ಅನುಮತಿ ಇದೆಯೇ ಎಂದು ಮೊದಲು ಖಚಿತಪಡಿಸಿಕೊಂಡು, ಬಿದ್ದು ಒಣಗಿದ ಕಟ್ಟಿಗೆಯನ್ನಷ್ಟೇ ಆರಿಸಿಕೊಳ್ಳಿ. ಚಾಕುವಿನ ಪರೀಕ್ಷೆಗಾಗಿ ಜೀವಂತ ಮರವನ್ನು ಗಾಯಗೊಳಿಸುವುದನ್ನು ನಾನು ಒಪ್ಪುವುದಿಲ್ಲ. ಚಾಚಿದ ತೋಳಿನ ಅಳತೆಯೊಳಗೆ ಯಾರೂ ಇರಬಾರದು. ಕುಳಿತು ಕೆತ್ತುವಾಗ ಎರಡು ತೊಡೆಗಳ ನಡುವೆ ಅಲಗು ಆಡಿಸಬೇಡಿ, ಏಕೆಂದರೆ ತೊಡೆಯ ಒಳಭಾಗದ ದೊಡ್ಡ ಅಪಧಮನಿಗೆ ಪೆಟ್ಟಾದರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಅಪಾಯ. ಒತ್ತಿ ಕಟ್ಟುವ ಬ್ಯಾಂಡೇಜು ಕೈಗೆಟಕುವಲ್ಲಿ ಇರಲಿ.

ಮೊದಲ ಕೆಲಸ ಚಕ್ಕೆ ಹೆರೆಯುವುದು. ಹೆಬ್ಬೆರಳು ಗಾತ್ರದ, ಎಳೆ ನೇರವಾಗಿರುವ ಒಣ ಮೆದುಮರದ ಕಡ್ಡಿಯನ್ನು ತೆಗೆದುಕೊಂಡು, ತೆಳುವಾದ ಸುರುಳಿಗಳು ಕಡ್ಡಿಯಿಂದ ಕಳಚದೆ ತುದಿಯಲ್ಲೇ ಉಳಿಯುವಂತೆ ಹೆರೆಯಿರಿ. ಚಪ್ಪಟೆ ಇಳಿಜಾರನ್ನು ಮರದ ಮೇಲೆ ಒರಗಿಸಿ ತಳ್ಳಿದಾಗ ಅಲಗು ಒಂದೇ ಆಳದಲ್ಲಿ ಸಾಗಬೇಕು. ಅಲಗು ಒಳಗೆ ಧುಮುಕಿದರೆ ಅಥವಾ ಮೇಲಕ್ಕೆ ಜಾರಿದರೆ ಎರಡೂ ಬದಿಯ ಇಳಿಜಾರು ಸಮವಾಗಿಲ್ಲದಿರಬಹುದು. ಕಡ್ಡಿಯನ್ನು ತಿರುಗಿಸಿ ಎಳೆಯ ಇನ್ನೊಂದು ದಿಕ್ಕಿನಲ್ಲೂ ನೋಡಿದ ನಂತರವೇ ಹಾಗೆಂದು ನಿರ್ಧರಿಸಿ.

ಬಳಿಕ ಅರ್ಧ ಗಂಟೆ ಬಿಡುವಿಲ್ಲದೆ ಕೆತ್ತಿ: ಕಚ್ಚುಗಳನ್ನು ಮಾಡಿ, ಗೂಟದ ತುದಿ ಚೂಪು ಮಾಡಿ, ಮೊನೆಯಿಂದ ಸಣ್ಣ ಕುಳಿ ಕೊರೆಯಿರಿ. ಹಿಡಿಯ ಗುಣ ಮೊದಲ ಐದು ನಿಮಿಷಗಳಲ್ಲಿ ಗೊತ್ತಾಗುವುದೇ ಇಲ್ಲ. ನನ್ನ ಬಳಿ ಬಂದ ಒಂದು ಚಾಕುವಿನ ಹಿಡಿ ನೋಡಲು ಬಹಳ ಚೆಲುವಾಗಿತ್ತು, ಆದರೆ ಅಲಗು ಸೇರುವ ಕಡೆಯ ಚೂಪು ಅಂಚು ತೋರುಬೆರಳಿನ ಬುಡದಲ್ಲಿ ಗುಳ್ಳೆ ಎಬ್ಬಿಸಿತು. ಮರಳುಕಾಗದದಿಂದ ಸ್ವಲ್ಪವೇ ಉಜ್ಜಿದ ಮೇಲೆ ಆ ಚಾಕು ನನಗೆ ಅಚ್ಚುಮೆಚ್ಚಾಯಿತು. ಕೈ ಒದ್ದೆ ಮಾಡಿಕೊಂಡು ಹಿಡಿ ಜಾರುತ್ತದೆಯೇ ಎಂದೂ ನೋಡಿ.

ಫೆರೋ ಕಡ್ಡಿಯನ್ನು (ಕೆರೆದಾಗ ಬೆಂಕಿ ಹೊತ್ತಿಸುವ ಕಿಡಿ ಕೊಡುವ ಲೋಹದ ಕಡ್ಡಿ) ಕೆರೆಯಲು ಬೆನ್ನನ್ನು ಮಾತ್ರ ಬಳಸಿ. ಬೆನ್ನಿನ ಮೂಲೆ 90 ಡಿಗ್ರಿಯಲ್ಲಿ ಚೂಪಾಗಿದ್ದರೆ ಕಿಡಿಗಳು ಧಾರಾಳವಾಗಿ ಉದುರುತ್ತವೆ. ದುಂಡಗಿದ್ದರೆ ಅರದಿಂದ ಸರಿಪಡಿಸಬಹುದು.

ಕೊರಡು ಸೀಳುವುದಕ್ಕೆ ಕೊಡಲಿಯೇ ತಕ್ಕ ಸಾಧನ ಎಂಬುದು ನನ್ನ ಅಭಿಪ್ರಾಯ. ಆದರೂ ಹಿಡಿಗೂ ಉಕ್ಕಿಗೂ ಇರುವ ಜೋಡಣೆ ಎಷ್ಟು ಭದ್ರ ಎಂಬುದನ್ನು ತಿಳಿಯಲು ಒಮ್ಮೆಯಾದರೂ ಅಲಗನ್ನು ಕೊರಡಿನ ತಲೆಯ ಮೇಲಿಟ್ಟು ಬೆನ್ನಿಗೆ ಹೊಡೆದು ಸೀಳಿ ನೋಡಬೇಕು. ಅಲಗು 10 ಸೆಂಟಿಮೀಟರ್ ಇದ್ದರೆ 6 ಸೆಂಟಿಮೀಟರ್‌ಗಿಂತ ದಪ್ಪದ ಕೊರಡು ಬೇಡ, ಹೊರಗೆ ಚಾಚಿದ ತುದಿಗೆ ಪೆಟ್ಟು ಬೀಳಲು ಜಾಗ ಉಳಿಯಬೇಕು. ಮರದ ದೊಣ್ಣೆಯಿಂದಲೇ ಹೊಡೆಯಿರಿ, ಕಲ್ಲು ಅಥವಾ ಸುತ್ತಿಗೆಯಿಂದ ಹೊಡೆಯಬೇಡಿ. ಮುಗಿದ ಮೇಲೆ ಹಿಡಿಯ ಸಂದುಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ಉಗುರಾಡಿಸಿ ನೋಡಿ.

ಹದದ ನಿಜವಾದ ಪರೀಕ್ಷೆ ಒಣಗಿದ ಗಟ್ಟಿಮರದ ಗಂಟಿನ ಮೇಲೆ ನಡೆಯುತ್ತದೆ. ಗಂಟನ್ನು ಅಡ್ಡಲಾಗಿ, ಅಲಗನ್ನು ತಿರುಚದೆ, ಹತ್ತಾರು ಬಾರಿ ಹೆರೆದು ಅಂಚನ್ನು ಮತ್ತೆ ಬೆಳಕಿಗೆ ಹಿಡಿಯಿರಿ. ಅಂಚು ಚೂರಾಗಿ ಉದುರಿದ್ದರೆ ಉಕ್ಕು ಅತಿ ಗಡಸಾಗಿರಬಹುದು ಅಥವಾ ಅಂಚು ಅತಿ ತೆಳುವಾಗಿರಬಹುದು. ಪಕ್ಕಕ್ಕೆ ಮಡಚಿದ್ದರೆ ಉಕ್ಕು ಮೆದುವಾಗಿರಬಹುದು. ಆದರೆ ಇಲ್ಲಿ ಆತುರದ ತೀರ್ಪು ಬೇಡ. ಸಾಣೆ ಹಿಡಿದಾಗ ಉಳಿದ ತೆಳುವಾದ ಜುಂಗು (ಅಂಚಿಗೆ ಅಂಟಿಕೊಂಡ ಉಕ್ಕಿನ ಎಳೆ) ಮಡಚಿದಾಗಲೂ ಹಾಗೆಯೇ ಕಾಣುತ್ತದೆ. ಯಂತ್ರದ ಬೆಲ್ಟಿನ ಮೇಲೆ ಹರಿತ ಮಾಡಿದಾಗ ಅಂಚಿನ ತೀರ ಹೊರಪದರ ಮಾತ್ರ ಕಾಯ್ದು ಹದ ಕೆಟ್ಟಿರುವುದೂ ಉಂಟು. ಆದ್ದರಿಂದ ಒದ್ದೆ ಕಲ್ಲಿನ ಮೇಲೆ ಕೈಯಿಂದಲೇ ಎರಡು ಮೂರು ಬಾರಿ ಸಾಣೆ ಹಿಡಿದು, ಪ್ರತಿ ಬಾರಿಯೂ ಅದೇ ಗಂಟನ್ನು ಹೆರೆದು ನೋಡಿ. ದೋಷ ಮಾಯವಾದರೆ ಉಕ್ಕು ಒಳ್ಳೆಯದೇ. ಪ್ರತಿ ಸಲವೂ ಮರುಕಳಿಸಿದರೆ ಮಾತ್ರ ಹದವನ್ನು ಸಂಶಯಿಸಿ.

ಕಾರ್ಬನ್ ಉಕ್ಕಿನ ಅಲಗನ್ನು ಅಲ್ಲೇ ಒರೆಸಿ ಒಣಗಿಸಿ, ಎಣ್ಣೆಯ ತೆಳುಲೇಪ ಕೊಡಿ; ಒದ್ದೆಯಾದ ಚರ್ಮದ ಒರೆಯಲ್ಲಿ ರಾತ್ರಿಯಿಡೀ ಇಟ್ಟರೆ ತುಕ್ಕು ಹಿಡಿಯುತ್ತದೆ. ತಯಾರಿಸಿದವರಿಗೆ ಬರೆಯುವಾಗ ಯಾವ ಮರ, ಎಷ್ಟು ಹೊತ್ತು, ಮೊನೆಯಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ ದೋಷ, ಎಷ್ಟನೆಯ ಸಾಣೆಯ ನಂತರ ಎಂಬ ವಿವರಗಳನ್ನೂ, ಹಾನಿಯಾದ ಅಂಚಿನ ಹತ್ತಿರದ ಚಿತ್ರವನ್ನೂ ಕಳಿಸಿ.